ಸೊಸೆ ಹಾಕಿದ ಗಂಟು

ನೂರು ವರ್ಷದ ಆ ಪರ್ಷಿಯನ್ ರತ್ನಗಂಬಳಿಯಲ್ಲಿ ಇಲಿ ಅಂಗೈಯಗಲ ತೂತು ಮಾಡಿತ್ತು. ಸೊಸೆ ಮೂರು ತಿಂಗಳು ಕೂತು, ಉಣ್ಣೆಗೆ ತಾನೇ ಬಣ್ಣ ಹಾಕಿ, ಒಂದೊಂದೇ ಗಂಟು ಕಟ್ಟಿ ಅದನ್ನು ತುಂಬಿದ್ದಳು. ರಿಪೇರಿಗೆ ಕೊಟ್ಟಿದ್ದ ಮಾಲೀಕರು ಅದನ್ನು ಒಯ್ಯಲು ಅಂಗಡಿಗೆ ಬಂದ ದಿನ, ಅವಳಿಗೆ ಈ ಕೆಲಸ ಕಲಿಸಿದ ಅತ್ತೆ ಕಂಬಳಿಯನ್ನು ಮಗುಚಿ ಹಾಕಿ, ತುಂಬಿದ ಜಾಗ ಬೆರಳಿಗೆ ಸಿಗುತ್ತದೋ ಎಂದು ಕಣ್ಣು ಮುಚ್ಚಿ ತಡವಿದರು.

“ಇಲ್ಲಿ ಗಂಟು ಸ್ವಲ್ಪ ಬಿಗಿಯಾಗಿದೆ. ಸಿಕ್ಕಿಬಿದ್ದೆ ನೋಡು!” ಅಂದರು ಅತ್ತೆ.

ಮಾಲೀಕರು ನಕ್ಕುಬಿಟ್ಟರು. “ಅಮ್ಮಾ, ಅದು ಇಪ್ಪತ್ತು ವರ್ಷದ ಹಿಂದೆ ನೀವೇ ರಿಪೇರಿ ಮಾಡಿದ್ದು. ಇಲಿ ಕಡಿದಿದ್ದು ಆ ಕಡೆ ಮೂಲೆ.”

ಅತ್ತೆ ಆ ಮೂಲೆಯನ್ನು ಎರಡೆರಡು ಸಲ ತಡವಿದರು. ಏನೂ ಸಿಗಲಿಲ್ಲ. ಎದ್ದು ಬಾಗಿಲಿಗೆ ಹೋಗಿ ಎದುರಂಗಡಿಯ ದರ್ಜಿಯನ್ನು ಕೂಗಿದರು: “ಬಾರಯ್ಯಾ ಇಲ್ಲಿ! ನನ್ನ ಸೊಸೆ ನನ್ನನ್ನೇ ಮೀರಿಸಿದ್ದಾಳೆ, ಬಂದು ನೋಡು!”

ಸೊಸೆ ಅಂದು ನಾಚಿ ತಲೆ ತಗ್ಗಿಸಲಿಲ್ಲ.