ಮಸಿ ಕಾಗದದ ಮೇಲಿನ ಗೆರೆ

ಸ್ಟೆತಸ್ಕೋಪಿನ ತಣ್ಣನೆಯ ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಗಂಡನ ಹೊಟ್ಟೆಯ ಮೇಲಿಟ್ಟಳು, ಏನೂ ಇಲ್ಲ, ಪಾಳು ಬಾವಿಗೆ ಕಿವಿಗೊಟ್ಟ ಹಾಗೆ — ಆಪರೇಷನ್ ಆಗಿ ಇವತ್ತಿಗೆ ಐದು ದಿನ, ಕರುಳು ಮುನಿಸಿಕೊಂಡ ಮಗುವಿನಂತೆ ಮಿಸುಕುತ್ತಿಲ್ಲ, ಸಾಯಂಕಾಲದವರೆಗೆ ನೋಡೋಣ ಮೇಡಂ, ಇಲ್ಲಾಂದ್ರೆ ಮತ್ತೆ ಹೊಟ್ಟೆ ತೆರೀಬೇಕಾಗುತ್ತೆ ಎಂದು ಹೇಳಿಹೋದ ಸರ್ಜನ್ ಒಂದು ಕಾಲದಲ್ಲಿ ಇವಳ ಪಾಠಕ್ಕೆ ತೂಕಡಿಸುತ್ತಿದ್ದವನು, ನೋವಿನ ಇಂಜೆಕ್ಷನ್ನೇ ಕರುಳಿಗೆ ಜೋಗುಳ ಹಾಡುತ್ತಿದೆ ಎಂದು ಇವಳು ಅಂದದ್ದೇ ತಡ, ಗಂಡ ನಿನ್ನೆಯಿಂದ ಅದನ್ನು ಬೇಡವೆಂದು ಹಲ್ಲು ಕಚ್ಚಿ ಮಲಗಿದ್ದಾನೆ, ಹಟಮಾರಿ, ಕಾಲೇಜಿನಲ್ಲಿ ಮೊದಲು ಕಂಡಾಗಲೂ ಹೀಗೇ — ಇವಳು ಔಷಧಶಾಸ್ತ್ರದ ಹೊಸ ಉಪನ್ಯಾಸಕಿ, ಅವನು ಲ್ಯಾಬ್ ಅಟೆಂಡರು, ಸೀಮೆಎಣ್ಣೆ ದೀಪದ ಹೊಗೆಗೆ ಕಾಗದ ಹಿಡಿದು ಮಸಿ ಬಳಿಯುವುದರಲ್ಲಿ ಎತ್ತಿದ ಕೈ, ಮೂಗಿನ ತುದಿಯಲ್ಲಿ ಸದಾ ಒಂದು ಕರಿ ಚುಕ್ಕೆ, ಬೆಚ್ಚನೆಯ ಉಪ್ಪುನೀರಿನ ಗಾಜಿನೊಳಗೆ ಮೊಲದ ಕರುಳಿನ ತುಂಡು ತನ್ನಷ್ಟಕ್ಕೆ ಕುಗ್ಗುತ್ತ ಹಿಗ್ಗುತ್ತ, ಅದಕ್ಕೆ ಕಟ್ಟಿದ ದಾರ ಕಡ್ಡಿಯನ್ನು ಎಳೆಯುತ್ತ, ಕಡ್ಡಿಯ ಮೊನೆ ತಿರುಗುವ ಉರುಳೆಗೆ ಸುತ್ತಿದ ಮಸಿ ಕಾಗದದ ಮೇಲೆ ಬಿಳಿ ಅಲೆ ಗೀಚುತ್ತ, ಕರುಳನ್ನ ಬಡಿದೆಬ್ಬಿಸೋ ಅಸಿಟೈಲ್‌ಕೋಲಿನ್ ಬಿದ್ದರೆ ಗೆರೆ ಗುಡ್ಡ ಹತ್ತುತ್ತೆ ನೋಡಿ ಎಂದು ಮೊದಲ ಪಾಠದಲ್ಲಿ ಜಂಬದಿಂದ ಹನಿ ಬಿಟ್ಟಳು, ಗೆರೆ ಜಾರಿ ಬಿದ್ದು ಮಲಗಿಬಿಟ್ಟಿತು, ಅವನು ಕೊಟ್ಟದ್ದು ಅಡ್ರಿನಲಿನ್ ಸೀಸೆ, ಹೆದರಿದಾಗ ಮೈಯಲ್ಲಿ ಹರಿಯುವ ರಸ, ತರಗತಿ ಗೊಳ್ಳೆಂದಿತು, ಏನ್ರೀ, ಕಣ್ಣು ಕಾಣಲ್ವಾ ಎಂದು ಹರಿಹಾಯ್ದಳು, ನಿಮ್ಮನ್ನ ಕಂಡ್ರೆ ನನ್ನ ಕರುಳೂ ಹಿಂಗೇ ಮಲಗುತ್ತೆ ಮೇಡಂ, ಅದರದ್ದೇನು ತಪ್ಪು ಎಂದ ಭೂಪ, ಆಮೇಲೆ ನೀರು ಬದಲಿಸಿ ತೊಳೆದು ಕರುಳು ಮತ್ತೆ ಏಳಲೆಂದು ಕಾದದ್ದು, ಎರಡು ತಲೆಗಳು ಒಂದೇ ಗಾಜಿನತ್ತ ಬಾಗಿ, ಆ ಸೀಮೆಎಣ್ಣೆಯ ವಾಸನೆ ಇವತ್ತಿಗೂ ಅವಳಿಗೆ ಮಲ್ಲಿಗೆಗಿಂತ ಒಂದು ತೂಕ ಹೆಚ್ಚು, ಅಟೆಂಡರನ್ನ ಕಟ್ಕೊಂಡು ಮನೆತನಕ್ಕೆ ಮಸಿ ಬಳಿದ್ಯಲ್ಲೇ ಎಂದು ಅತ್ತ ಅಮ್ಮ ಕೊನೆಗೆ ಅದೇ ಅಳಿಯನ ಕೈಯಿಂದಲೇ ಗುಟುಕು ನೀರು ಕುಡಿದು ಹೋದಳು — ಈಗ ಅವನ ಕಣ್ಣು ಗೋಡೆ ಗಡಿಯಾರ ಬಿಟ್ಟು ಕದಲುತ್ತಿಲ್ಲ, ಹೆದರಿದ್ದಾನೆ, ಹೆದರಿದಷ್ಟೂ ಕರುಳು ಮಲಗುತ್ತದೆ, ಜೀವಮಾನವೆಲ್ಲ ಇದನ್ನೇ ಕಲಿಸಿದವಳು ಗಂಡನಿಗೆ ಏನು ಮಾಡಲಿ, ಬಾಗಿ ಅವನ ಕಿವಿಯಲ್ಲಿ ಅಂದಳು, ಏನ್ರೀ, ಈ ಸಲ ಯಾವ ಸೀಸೆ ಕೊಟ್ರಿ, ಅವನು ಗಡಿಯಾರದಿಂದ ಕಣ್ಣು ಕಿತ್ತು ಕಿಸಕ್ಕನೆ ನಕ್ಕ, ನಗಿಸಬೇಡ ಕಣೇ, ಹೊಲಿಗೆ ಬಿಚ್ಚೀತು ಎಂದು ಹೊಟ್ಟೆ ಅದುಮಿಕೊಂಡು, ನೀರು ತುಂಬಿದ ಕಣ್ಣಲ್ಲೇ ನಕ್ಕ, ಹಿಡಿದ ಮುಷ್ಟಿ ಸಡಿಲವಾಯಿತು, ಇವಳು ಮತ್ತೆ ಬಿಲ್ಲೆಯಿಟ್ಟು ಉಸಿರು ಹಿಡಿದಳು, ಏನಿಲ್ಲ, ಏನಿಲ್ಲ, ಎಷ್ಟು ಹೊತ್ತಾಯಿತೋ, ಆಳದಲ್ಲೆಲ್ಲೋ ಒಂದು ಗುಳಕ್, ಭ್ರಮೆಯೋ ಏನೋ, ಏನಾಯ್ತೇ ಎಂದ ಅವನು, ಶ್, ಮಾತಾಡಬೇಡಿ, ಇನ್ನೊಂದು ಗುಳಕ್, ಅದರ ಬೆನ್ನಿಗೇ ಉದ್ದಕ್ಕೆ ಉರುಳಿದ್ದೊಂದು — ಕಪ್ಪಿನ ಮೇಲೆ ಬಿಳಿ ಗೆರೆ, ಏಳುತ್ತಿದೆ, ಬಿಳಿ ಗೆರೆ,