ಹೊರೆಗೆ ದಾರಿ

ಹೊಳೆದಂಡೆಗೆ ಇಳಿಯುವ ಕಲ್ಲುಮೆಟ್ಟಿಲಿಗೆ ಪುರಸಭೆಯವರು ಗೇಟು ಹಾಕಿ ಬೀಗ ಜಡಿಯುತ್ತಾರೆಂಬ ಸುದ್ದಿ ದೊಡ್ಡಮ್ಮನ ಕಿವಿಗೆ ಬಿತ್ತು. ನಲವತ್ತು ವರ್ಷ ಕೇರಿಯ ಬಟ್ಟೆಯನ್ನು ಅಲ್ಲೇ ಇಳಿಸಿ, ಒಗೆದು, ಒದ್ದೆ ಗಂಟು ಹೊತ್ತು ಹತ್ತಿದವಳು. ಸುತ್ತುರಸ್ತೆ ಹಿಡಿದರೆ ಒಂದು ಗಂಟೆಯ ದಾರಿ. ಅವಳ ಮಂಡಿ ಅದಕ್ಕೆ ಒಪ್ಪದು. ಮೆಟ್ಟಿಲು ಹೋದರೆ ಕಸುಬೂ ಹೋದಂತೆ.

ಈ ಮೆಟ್ಟಿಲನ್ನು ಯಾರೂ ಬಳಸುವುದಿಲ್ಲವೆಂದು ಪುರಸಭೆಯ ಇಂಜಿನಿಯರು ವರದಿ ಬರೆದಿದ್ದನಂತೆ. ಅವನು ನೋಡಲು ಬಂದದ್ದು ನಡುಮಧ್ಯಾಹ್ನ. ಆ ಹೊತ್ತಿನಲ್ಲಿ ಕಾದ ಕಲ್ಲಿನ ಮೇಲೆ ನಾಯಿಯೂ ಕಾಲಿಡುವುದಿಲ್ಲ.

ಆ ಮೆಟ್ಟಿಲಿಗೊಂದು ಕಟ್ಟಳೆಯಿತ್ತು. ಹೊರೆ ಹೊತ್ತವರು ಹತ್ತುತ್ತಿದ್ದರೆ, ಇಳಿಯುವವರು ಯಾರೇ ಆಗಲಿ, ಗೋಡೆಗೆ ಆತು ದಾರಿ ಬಿಡಬೇಕು. ನಡುವೆ ನಿಂತ ಹೊರೆ ಮತ್ತೆ ಏಳುವುದು ಕಷ್ಟ. ದೊಡ್ಡಮ್ಮನ ಅತ್ತೆ ಹಾಗೆ ನಿಂತೇ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಳು.

ಕೆಳಗಿನ ಕಮಾನಿಗೆ ಕೂರಿಸಬೇಕಾದ ಗೇಟನ್ನು ಕೇರಿಯ ನಾಲ್ವರು ಹಮಾಲರೇ ಬೆಳಿಗ್ಗೆ ಹೊತ್ತು ತಂದರು. ಗೇಟು ಮೆಟ್ಟಿಲಿನಷ್ಟೇ ಅಗಲ, ಗೋಡೆಗೆ ಆತುಕೊಳ್ಳುವ ಮಾತೇ ಇಲ್ಲ. ಕೆಳಗಿನಿಂದ ದೊಡ್ಡಮ್ಮ ಗಂಟು ಹೊತ್ತು ಹತ್ತುತ್ತಿದ್ದಳು. ಅವಳ ಹಿಂದೆ ಸೊಸೆ, ಸೊಸೆಯ ಹಿಂದೆ ಮೀನುಬುಟ್ಟಿಯವರು, ಅವರ ಹಿಂದೆ ಇಡೀ ಕೇರಿ. ಹಮಾಲರು ಮೇಲೆಯೇ ನಿಂತರು. ಹತ್ತಿದವರು ಅದೇ ಹೊರೆಯೊಡನೆ ಗೋಡೆ ಸವರಿಕೊಂಡು ಇಳಿದರು, ತಿರುಗಿ ಹತ್ತಿದರು. ಸಾಲು ಮುಗಿಯಲೇ ಇಲ್ಲ.

ಇದೇ ಗಂಟನ್ನು ಮೂರು ಸಲ ಕಂಡೆನೆಂದು, ಗೇಟಿನ ಜೊತೆಗೇ ಬಂದು ಮೇಲೆ ನಿಂತಿದ್ದ ಇಂಜಿನಿಯರು ರೇಗಿದ.

"ಕೊಳೆ ಹೋಗಿಲ್ಲ ಸಾಹೇಬ್ರೆ," ಎಂದಳು ದೊಡ್ಡಮ್ಮ. "ನಿಮ್ಮಂಥವರ ಬಟ್ಟೆ, ಅಷ್ಟು ಬೇಗ ಎಲ್ಲಿ ಹೋಗುತ್ತೆ?"

ಸಾಲಿನಲ್ಲಿ ನಗು ಹರಿಯಿತು. ಇಂಜಿನಿಯರು ಹಮಾಲರನ್ನು ಬೈದು, ದಾರಿ ತಾನೇ ಬಿಡಿಸುತ್ತೇನೆಂದು ದಡದಡ ಇಳಿದುಬಂದ. ನಡುಮೆಟ್ಟಿಲಲ್ಲಿ ದೊಡ್ಡಮ್ಮ ಎದುರಾದಳು. ಗಂಟಿನಿಂದ ನೀರು ಅವಳ ಹಣೆಯ ಮೇಲೆ ಇಳಿಯುತ್ತಿತ್ತು. ಅವಳು ನಿಲ್ಲಲಿಲ್ಲ, ತಲೆ ತಗ್ಗಿಸಲೂ ಇಲ್ಲ. ಇನ್ನೊಂದು ಮೆಟ್ಟಿಲು ಹತ್ತಿದಳು, ಮತ್ತೊಂದು. ಗಂಟು ಎದೆಗೆ ತಾಗುವುದರಲ್ಲಿತ್ತು. ಇಂಜಿನಿಯರು ಪಕ್ಕಕ್ಕೆ ಸರಿದು ಗೋಡೆಗೆ ಆತುಕೊಂಡ. ಬಿಳಿ ಅಂಗಿಯ ಬೆನ್ನಿಗೆ ಪಾಚಿ ಮೆತ್ತಿತು.

ಅಷ್ಟು ಕಂಡದ್ದೇ ತಡ, ಹಿರಿಯ ಹಮಾಲ ಗೇಟನ್ನು ರಸ್ತೆಗೆ ಇಳಿಸಿ ಅದರ ಮೇಲೇ ಕುಳಿತ. "ನೀವೇ ದಾರಿ ಬಿಟ್ರಲ್ಲ ಸಾರ್. ಇನ್ನು ನಮ್ಮದೇನು?"

ನಾಳೆ ಬೇರೆ ಊರಿನ ಆಳುಗಳನ್ನು ಕರೆತರುತ್ತೇನೆಂದ ಇಂಜಿನಿಯರು.

ದೊಡ್ಡಮ್ಮ ಕೊನೆಯ ಮೆಟ್ಟಿಲಲ್ಲಿ ತಿರುಗಿದಳು. "ಕರ್ಕೊಂಡ್ ಬನ್ನಿ. ಬರುವಾಗ ಆ ಅಂಗಿನೂ ತನ್ನಿ, ಒಗೆದು ಕೊಡ್ತೀನಿ. ಇಲ್ಲೇ, ಕೆಳಗೆ."