ಮೂವತ್ತೊಂದು ತಗಡಿನ ಮೇ ತಿಂಗಳು

ಕೊರಗಪ್ಪ ಕೊಲ್ಲಿ ದೇಶದ ಮುಸಫ್ಫಾದ ಗ್ಯಾರೇಜಿನಲ್ಲಿ ಇಪ್ಪತ್ತೆಂಟು ವರ್ಷ ಕಾರುಗಳಿಗೆ ಬಣ್ಣ ಹೊಡೆದವನು. ಅವನು ಹೊಡೆದ ಬಣ್ಣವನ್ನು ಯಾರೂ ಗಮನಿಸಿದ್ದಿಲ್ಲ. ಗಮನಿಸಿದರೆ ಕೆಲಸ ಕೆಟ್ಟಿತೆಂದೇ ಅರ್ಥ. ಗುದ್ದಿಸಿಕೊಂಡು ಬಂದ ಬಾಗಿಲು ಪಕ್ಕದ ಬಾಗಿಲಿನ ಜೊತೆಗೇ ಹುಟ್ಟಿದ್ದು ಎಂಬಂತೆ ಕಾಣಬೇಕು. ಕಂಪನಿಯ ಕಲರ್ ಕೋಡನ್ನು ಅವನು ನಂಬುತ್ತಿರಲಿಲ್ಲ. ಕೋಡ್ ಹೊಸ ಕಾರಿನದು, ಎದುರು ನಿಂತದ್ದು ಆರು ಬೇಸಿಗೆಯ ಬಿಸಿಲು ತಿಂದದ್ದು. ಕಣ್ಣಲ್ಲೇ ಅಳೆದು, ಅಂಗೈಯಗಲದ ತಗಡಿಗೆ ಹೊಡೆದು ನೋಡಿ, ಅದರ ಹಿಂದೆ ಯಾವ ಬಣ್ಣ ಎಷ್ಟು ತೊಟ್ಟು ಎಂದು ಬರೆದಿಟ್ಟ ಮೇಲೇ ಕಾರು ಮುಟ್ಟುತ್ತಿದ್ದ.

ಏಪ್ರಿಲಿನಲ್ಲಿ ಅವನಿಗೆ ಅರವತ್ತಾಯಿತು. ಅದೇ ತಿಂಗಳು ಗ್ಯಾರೇಜಿಗೆ ಬಣ್ಣ ಓದುವ ಮೆಷಿನ್ ಬಂತು. ಜೂನಿನಲ್ಲಿ ವೀಸಾ ಮುಗಿಯುತ್ತಿತ್ತು. ಮೂರನ್ನೂ ಕೂಡಿಸಿ ನೋಡಿದ ಕೊರಗಪ್ಪನಿಗೆ ಹೆದರಿಕೆಯಾಯಿತು. ಊರಲ್ಲಿ ಹೆಂಡತಿ ಅಕ್ಕು ಮನೆ, ದನ, ಬ್ಯಾಂಕು ಎಲ್ಲವನ್ನೂ ಒಬ್ಬಳೇ ಸುಧಾರಿಸಿಕೊಂಡಿದ್ದಳು. ರಜೆಗೆ ಹೋದರೆ ಇಪ್ಪತ್ತನೆಯ ದಿನಕ್ಕೆ ಅವನು ಕಾಲಿಗೆ ಸಿಕ್ಕುವ ಮಣೆಯಾಗುತ್ತಿದ್ದ.

ಆ ಹೊತ್ತಿಗೆ ದುಬೈಯಿಂದ ತೃಷಾ ಬಂದಳು. ಉಡುಪಿಯವರ ಮಗಳು, ಕಲಾವಿದೆ. ಇಂದಿನ ಕಲಾವಿದರು ಆಕಾಶವನ್ನು ಹೇಗೆ ಕಾಣುತ್ತಾರೆಂದು ದುಬೈಯಲ್ಲೊಂದು ಪ್ರದರ್ಶನವಿತ್ತು. ಒಬ್ಬರು ನೆಲದ ಮೇಲೆ ಕನ್ನಡಿ ಮಲಗಿಸಿದ್ದರಂತೆ, ಇನ್ನೊಬ್ಬರು ಕೋಣೆಯ ಮಾಡು ತೆಗೆಸಿದ್ದರಂತೆ. ತೃಷಾಗೆ ಮೂವತ್ತೊಂದು ದೊಡ್ಡ ತಗಡು ಬೇಕಿತ್ತು: ಮೇ ತಿಂಗಳಿಡೀ ಮಧ್ಯಾಹ್ನ ಹನ್ನೆರಡಕ್ಕೆ ಗ್ಯಾರೇಜಿನ ಮೇಲಿನ ಆಕಾಶಕ್ಕೆ ಯಾವ ಬಣ್ಣವೋ ಅದೇ ಬಣ್ಣ, ದಿನಕ್ಕೊಂದು.

"ನಾನೇ ಪೇಂಟ್ ಮಾಡಿದ್ರೆ ನನ್ನ ಮೂಡ್ ಬಂದ್ಬಿಡುತ್ತೆ ಅಂಕಲ್. ಐ ವಾಂಟ್ ಜಸ್ಟ್ ದ ಸ್ಕೈ," ಎಂದಳು.

ಗ್ಯಾರೇಜಿನ ಯಜಮಾನನ ಹೆಸರು ಬಾವ. ಅವನು ಈ ಕೆಲಸವನ್ನು ಮೆಷಿನಿಗೇ ವಹಿಸಿದ. ಮೆಷಿನ್ ನೋಡಿಕೊಳ್ಳುವವನು ಅವನ ಅಳಿಯ ಜಂಶೀರ್. ಯಾವುದಕ್ಕಾದರೂ ತಾಗಿಸದೆ ಅದು ಓದುವುದಿಲ್ಲ. ಜಂಶೀರ್ ಏಣಿ ಹತ್ತಿ, ಕೈ ಎತ್ತಿ, ಮೆಷಿನನ್ನು ಮೇಲಕ್ಕೆ ಹಿಡಿದ. ನಡು ಮಧ್ಯಾಹ್ನದ ಆಕಾಶ ಕಪ್ಪೆಂದು ಅದು ತೋರಿಸಿತು.

"ಆಕಾಶದಲ್ಲೇ ಎಂತದೋ ಪ್ರಾಬ್ಲಮ್ ಉಂಟು," ಎಂದ ಜಂಶೀರ್. ಕುಣಿಯಲಾರದವಳಿಗೆ ನೆಲ ಡೊಂಕು.

ಬಾವ ಕೊರಗಪ್ಪನನ್ನು ಕರೆದ. "ಕೊರಗಪ್ಪಣ್ಣ, ನೀವೇ ಮಾಡಿ. ಆ ಹುಡುಗಿಗೆ ಖುಷಿಯಾಗ್ಲಿ. ನಿಮ್ಮ ವೀಸಾದ್ದು ಮತ್ತೆ ಮಾತಾಡುವ."

ಕೊರಗಪ್ಪ ದಿನಾ ಹನ್ನೆರಡಕ್ಕೆ ಅಂಗಳದಲ್ಲಿ ನಿಂತು ಆಕಾಶವನ್ನು ಗುದ್ದಿಸಿಕೊಂಡ ಕಾರಿನಂತೆ ನೋಡಿದ. ಒಂದು ದಿನವೂ ನೀಲಿ ಕಾಣಲಿಲ್ಲ. ಧೂಳಿನ ದಿನ ಧೂಳಿನ ಬಣ್ಣ, ಉಳಿದ ದಿನ ಬಗೆಬಗೆಯ ಬಿಳಿ.

"ಇದು ಆಕಾಶವಾ, ಮೈದಾ ಹಿಟ್ಟಾ ಮಾರಾಯ್ರೆ? ಸ್ವಲ್ಪ ನೀಲಿ ಹಾಕಿ," ಎಂದ ಬಾವ, ತಗಡು ನೋಡಿ.

"ಇಲ್ಲದ್ದನ್ನು ಹಾಕುದು ಹೇಗೆ ಸಾಹುಕಾರ್ರೇ?"

ಮೂವತ್ತೊಂದನೆಯ ತಾರೀಕು ತಗಡುಗಳನ್ನೆಲ್ಲ ಗೋಡೆಗೆ ಸಾಲಾಗಿ ನಿಲ್ಲಿಸಿದ. ಒಂದರ ಬಣ್ಣ ಪಕ್ಕದ್ದಕ್ಕೆ ಕೂಡುತ್ತಿರಲಿಲ್ಲ. ಮೂವತ್ತು ಕಡೆ ಗೆರೆ ಎದ್ದು ಕಾಣುತ್ತಿತ್ತು. ಇಂಥ ಕೆಲಸ ಅವನ ಕೈಯಿಂದ ಇಪ್ಪತ್ತೆಂಟು ವರ್ಷಗಳಲ್ಲಿ ಹೊರಗೆ ಹೋದದ್ದಿಲ್ಲ. ಸ್ಪ್ರೇ ಗನ್ ಹಿಡಿದು ಮೂರು ಗಂಟೆ ಕೂತು ಒಂದನ್ನು ಇನ್ನೊಂದಕ್ಕೆ ಸೇರಿಸಿದ. ಸಂಜೆಗೆ ಇಡೀ ಮೇ ತಿಂಗಳು ಒಂದೇ ತಗಡಾಗಿತ್ತು. ಇಷ್ಟು ಚೆನ್ನಾಗಿ ತಾನು ಯಾವತ್ತೂ ಕೆಲಸ ಮಾಡಿಲ್ಲವೆಂದು ಅವನಿಗೆ ಹೆಮ್ಮೆಯಾಯಿತು.

ಮರುದಿನ ತೃಷಾ ಬಂದು ಬಹಳ ಹೊತ್ತು ನೋಡಿದಳು.

"ದಿನಗಳೆಲ್ಲಿ ಅಂಕಲ್?"

"ಗೆರೆ ಕಾಣ್ತಾ ಇತ್ತಮ್ಮ. ಕೂಡಿಸಿದೆ."

ಅವಳು ಹತ್ತಿರವಿದ್ದ ಟಯರಿನ ಮೇಲೆ ಕೂತುಬಿಟ್ಟಳು. "ಮೇ ಮುಗೀತಲ್ಲ. ಹೌ ವಿಲ್ ಐ ಗೆಟ್ ಇಟ್ ಬ್ಯಾಕ್?"

"ಖಲಾಸ್," ಎಂದ ಬಾವ, ಕೊರಗಪ್ಪನ ಮುಖ ನೋಡದೆ.

ಕೊರಗಪ್ಪ ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದ. ಅದರಲ್ಲಿ ಮೂವತ್ತೊಂದು ಅಂಗೈಯಗಲದ ತಗಡುಗಳಿದ್ದವು. ಒಂದೊಂದು ದಿನದ ಪರೀಕ್ಷೆಯ ಬಣ್ಣ, ಬೇರೆ ಬೇರೆಯಾಗಿಯೇ. ತೃಷಾ ಎದ್ದು ನಿಂತಳು. ಒಂದನ್ನು ಮಗುಚಿದಳು. ಹಿಂದೆ ಕನ್ನಡ ಅಕ್ಷರವಿತ್ತು, ಅವಳಿಗೆ ಓದಲು ಬರುತ್ತಿರಲಿಲ್ಲ. ಬಾವ ಕನ್ನಡಕ ಏರಿಸಿಕೊಂಡು ಓದಿದ.

"ಮೇ ೪. ಬಿಳಿ, ಮೂರು ತೊಟ್ಟು ಹಳದಿ. ಸಾಹುಕಾರ್ರು ನೀಲಿ ಹಾಕಲು ಹೇಳಿದರು. ನೀಲಿ ಇಲ್ಲ."

"ಮೇ ೧೧. ಬಿಳಿ, ಎರಡು ತೊಟ್ಟು ಬೂದು. ಸಾಹುಕಾರ್ರು ಪುನಃ ಹೇಳಿದರು. ಪುನಃ ಇಲ್ಲ."

ತೃಷಾ ನಕ್ಕಳು. ಬಾವ ಇನ್ನೊಂದನ್ನು ಎತ್ತಿಕೊಂಡ. "ಅದು ಬೇಡ," ಎಂದು ಕೊರಗಪ್ಪ ಕೈ ಚಾಚಿದ. ಅಷ್ಟರಲ್ಲಿ ಓದು ಶುರುವಾಗಿತ್ತು.

"ಮೇ ೧೯. ಬಣ್ಣ ನಿನ್ನೆಯದೇ. ಇವತ್ತು ಆಕಾಶ ನೋಡಲಿಲ್ಲ."

"ವೈ?" ಎಂದಳು ತೃಷಾ.

ಅದರ ಕೆಳಗೆ ಇನ್ನೂ ಒಂದು ಸಾಲಿತ್ತು. ಕೊರಗಪ್ಪನಿಗೆ ಅದು ಬಾಯಿಪಾಠ: ಜೂನಿನಲ್ಲಿ ನನ್ನ ವೀಸಾ ಕ್ಯಾನ್ಸಲ್ ಅಂತ ಜಂಶೀರ್ ಹೇಳಿದ, ತಲೆ ಎತ್ತಲು ಆಗಲಿಲ್ಲ. ಬಾವನ ತುಟಿ ಅಲುಗಿತು, ಸ್ವರ ಹೊರಡಲಿಲ್ಲ.

"ಅಷ್ಟೇ ಬರೆದದ್ದು," ಎಂದ ಬಾವ. "ಇದು ಆಕಾಶವೇ ಅಲ್ವಲ್ಲ, ನಿಮಗೆ ಬೇಡ." ತಗಡನ್ನು ಕಿಸೆಗೆ ಹಾಕಿಕೊಂಡ.

ತೃಷಾ ಮೂವತ್ತನ್ನು ಕೊಂಡುಹೋದಳು, ಎರಡು ಕಡೆಯೂ ಕಾಣುವಂತೆ ದಾರದಲ್ಲಿ ತೂಗುಹಾಕಲು. ಗೆರೆಯಿಲ್ಲದ ಮೇ ತಿಂಗಳು ಗ್ಯಾರೇಜಿನಲ್ಲೇ ಉಳಿಯಿತು. ಜಂಶೀರ್ ಅದಕ್ಕೆ ಮೆಷಿನ್ ತಾಗಿಸಿದ. ಎಲ್ಲವನ್ನೂ ಸರಿಯಾಗಿ ಓದಿತು.

ಮರುದಿನ ಬಾವ ಆಫೀಸಿಗೆ ಕರೆದ. ಮೇಜಿನ ಮೇಲೆ ಕಾಗದ ಹಾರದಂತೆ ಹತ್ತೊಂಬತ್ತನೆಯ ತಗಡು ಕೂತಿತ್ತು.

"ಪಾಸ್‌ಪೋರ್ಟ್ ತನ್ನಿ."

ಕ್ಯಾನ್ಸಲಿಗೆ ಅದೊಂದೇ ಸಾಕು, ಮುಸಫ್ಫಾದಲ್ಲಿ ಅದು ಎಲ್ಲರಿಗೂ ಗೊತ್ತು.

"ಫೋಟೋ ಸಹ ಬೇಕು, ಎರಡು," ಎಂದ ಬಾವ, ತಲೆ ಎತ್ತದೆ. "ಹಿಂದೆ ಬಿಳಿ ಇರ್ಬೇಕು."

ಕ್ಯಾನ್ಸಲಿಗೆ ಫೋಟೋ ಕೇಳುವುದಿಲ್ಲ, ಹೊಸ ವೀಸಾಕ್ಕೆ ಕೇಳುತ್ತಾರೆ. ಕೊರಗಪ್ಪ ನಿಂತಲ್ಲೇ ನಿಂತ. ಮೇಜಿನ ಮೇಲಿನ ತಗಡನ್ನೊಮ್ಮೆ ನೋಡಿದ.

"ಯಾವ ಬಿಳಿ?"